ಬಿದಿರಿಗೆ ಸುತ್ತಿದ ಚೀಲ

ದಟ್ಟಗಳ್ಳಿ, ಮೈಸೂರು
ಜನವರಿ 12

ಮಹದೇವಮ್ಮನವರಿಗೆ ನಿಮ್ಮ ತೋಟ ನೋಡಿಕೊಳ್ಳುವ ಭಾನುಪ್ರಿಯಾಳ ನಮಸ್ಕಾರ.

ನಿಮ್ಮ ಮಗಳೂ ಮಗುವೂ ಚೆನ್ನಾಗಿದ್ದಾರೆ ಎಂದುಕೊಂಡಿದ್ದೇನೆ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಈ ಸಲ ಚಳಿ ಜಾಸ್ತಿ. ಯಜಮಾನರು ನೆಟ್ಟಿದ್ದ ಹಳದಿ ಬಿದಿರಿನ ಬುಡಕ್ಕೆ ಗೋಣಿಚೀಲ ಸುತ್ತಲು ಹೇಳಿ ಹೋಗಿದ್ದಿರಿ. ನಮ್ಮಪ್ಪ ಮೂಟೆ ಇಳಿಸುವ ಒಣಮೀನಿನ ಅಂಗಡಿಯಿಂದ ಚೀಲ ತಂದೆ. ನಿಮ್ಮದು ಮೀನು ಮುಟ್ಟದ ಮನೆ, ವಾಸನೆ ಬರಬಾರದೆಂದು ನಾಲ್ಕು ದಿನ ಬಿಸಿಲಿಗೆ ಹಾಕಿದೆ. ವಾಸನೆಯದೇ ಯೋಚನೆಯಾಗಿ, ಚೀಲದಲ್ಲಿ ಉಪ್ಪು ಇರುತ್ತದೆ ಎಂಬುದು ಹೊಳೆಯಲಿಲ್ಲ. ಇಬ್ಬನಿಗೂ ನಾನು ಹಾಕಿದ ನೀರಿಗೂ ಅದು ಕರಗಿ ಬೇರಿಗೆ ಇಳಿಯಿತು. ಎಲೆಗಳೆಲ್ಲ ಸುಟ್ಟಂತಾಗಿ ಉದುರಿದವು.

“ಚಳಿಗೆ ಹೋಯ್ತು ಅಂತ ಬರ್ದ್ಬುಡು ಕಣಮ್ಮಿ, ಅವರೇನು ಬಂದು ಮಣ್ಣು ನೆಕ್ಕಿ ನೋಡ್ತಾರಾ?” ಎಂದರು ನಮ್ಮ ತಿಮ್ಮಮ್ಮ ಅತ್ತೆ. ಹಾಗೆ ಬರೆಯಲು ಕೂತೆ, ಕೈ ಓಡಲಿಲ್ಲ.

ಚೀಲ ಬಿಚ್ಚಿ, ಹತ್ತು ದಿನದಿಂದ ಕೊಡಗಟ್ಟಲೆ ನೀರು ಹೊಯ್ದು ಮಣ್ಣು ತೊಳೆಯುತ್ತಿದ್ದೇನೆ. ತೋಳು ಎತ್ತಲು ಆಗುತ್ತಿಲ್ಲ. ನಿನ್ನೆ ಉಗುರಿನಿಂದ ಬುಡ ಕೆರೆದು ನೋಡಿದೆ, ಕಾಂಡದ ಒಳಗೆ ಇನ್ನೂ ಹಸಿ ಇದೆ, ಜೀವ ಹೋಗಿಲ್ಲ.

ನಿಮ್ಮ ಅಣ್ಣನವರು ತಿಂಗಳ ಕೊನೆಗೆ ಆಳು ಕರೆಸಿ ಕೀಳಿಸುತ್ತೇನೆ ಎಂದಿದ್ದಾರೆ. ಅವರೆದುರು ಮಾತಾಡಲು ನನಗೆ ಧೈರ್ಯವಿಲ್ಲ. ಯುಗಾದಿಯವರೆಗೆ ಬಿಡಲು ನೀವೇ ಹೇಳಿ. ಅಷ್ಟರಲ್ಲಿ ಚಿಗುರದಿದ್ದರೆ ನಾನೇ ಅಗೆದು ತೆಗೆಯುತ್ತೇನೆ. ನನ್ನನ್ನು ಕೆಲಸದಿಂದ ಬಿಡಿಸುವುದಾದರೂ ಆಮೇಲೆ ಬಿಡಿಸಿ. ಈಗ ಹೊಸಬರು ಬಂದರೆ, ಒಣಗಿದ ಗಿಡಕ್ಕೆ ಇಷ್ಟು ನೀರು ಯಾಕೆಂದು ನಿಲ್ಲಿಸಿಬಿಡುತ್ತಾರೆ.

ಇಂತಿ,
ಭಾನುಪ್ರಿಯಾ