ಬೆಕ್ಕಿನ ತಲೆಯ ಗೆರೆಗಳು

ಬೆಂಗಳೂರು, ಶುಕ್ರವಾರ, ೧೯೪೬

ಅವ್ವನಿಗೆ ಹೊನ್ನಿಯ ನಮಸ್ಕಾರ. ನನ್ನ ಕೆಮ್ಮು ವಾಸಿಯಾಗಿದೆ.

ಇವರಿಗೆ ಬುತ್ತಿ ಕೊಡಲು ಇವರು ಕೆಲಸ ಮಾಡುವ ಮಿದುಳಿನ ಡಾಕ್ಟರ ಕೋಣೆಗೆ ಹೋದೆ. ಅಲ್ಲಿ ದಿನಾ ನನ್ನ ಹತ್ತಿರ ಬರುವ ಬೆಕ್ಕು ಬೋಳಿಸಿದ ತಲೆಗೆ ತಂತಿ ಅಂಟಿಸಿಕೊಂಡು ನಿದ್ದೆ ಮಾಡುತ್ತಿತ್ತು. ತಲೆಯ ಒಂದೊಂದು ಭಾಗಕ್ಕೂ ಯಂತ್ರದ ಒಂದೊಂದು ಸೂಜಿ ಮಿದುಳಿನ ಕರೆಂಟನ್ನು ಕಾಗದದ ಮೇಲೆ ದೊಡ್ಡ ಅಲೆಯಾಗಿ ಬರೆಯುತ್ತಿತ್ತು. ತಂಗಿ ಚೌಡಿಯ ಮೂರ್ಛೆ ನೋಡಲು ಹೀಗೇ ನಿದ್ದೆ ಮಾಡಿಸಿ ಕೂದಲು ತೆಗೆಯಬೇಕೆಂದು ಈ ಡಾಕ್ಟರು ಹೇಳಿದ್ದಾಗ ಅಜ್ಜಿ, “ಮನೀಕಂಡೋರ ತಲೆ ಬೋಳ್ಸುದ್ರೆ ಅಲಿಯಾಕೋದ ಜೀವಕ್ಕೆ ವಾಪಸ್ ಬರಾಕೆ ಗುರ್ತು ಸಿಕ್ಕಾಕಿಲ್ಲ ಕಣಮ್ಮಿ” ಅಂದಳಲ್ಲ, ಅದೇ ಭಯ ನನಗೂ ಆಯಿತು. ಬೆಕ್ಕಿನ ಜೀವ ಎಲ್ಲಿ ಹೋಗಿದೆ ಎಂದು ಇವರ ಬೆನ್ನ ಹಿಂದೆ ನಿಂತೇ ಡಾಕ್ಟರನ್ನು ಕೇಳಿದೆ. “ಗೆರೆ ನಿಂತಿಲ್ಲ ನೋಡಮ್ಮ, ಜೀವ ಅಲ್ಲೇ ಇದೆ” ಎಂದರು ಡಾಕ್ಟರು. ಬುತ್ತಿಯ ಸದ್ದಿಗೆ ಬೆಕ್ಕು ಎದ್ದಿತು. ಗೆರೆಗಳು ಸಣ್ಣಗೆ ಚುರುಕಾದವು. ಎಂದಿನಂತೆ ನನ್ನ ಬೆರಳಿನ ಮೊಸರು ನೆಕ್ಕಿತು.

ಮಂಗಳವಾರ ಚೌಡಿಯನ್ನು ಕರೆದುಕೊಂಡು ಮದ್ದೂರಿನಲ್ಲಿ ರೈಲು ಹತ್ತು. ಅಜ್ಜಿಯೂ ಬರಲಿ. ಚೌಡಿಗೆ ಎಚ್ಚರವಾಗುವ ತನಕ ಪಕ್ಕದಲ್ಲೇ ಕೂತಿರಲಿ.