ಕರೆಂಟು ಹೋಗಿರಲಿಲ್ಲ

೧೨ ಆಗಸ್ಟ್ ೧೯೮೮, ಶುಕ್ರವಾರ. ಇಳಕಲ್ಲ.

ಮಲಕಪ್ಪ ನನ್ನ ಜತೆ ಮಾತು ಬಿಡಲಿಲ್ಲ. ಇವತ್ತಿಗೆ ಅಷ್ಟು ಸಾಕು.

ಅಮಾವಾಸ್ಯೆಗೆ ಮಗ್ಗಗಳಿಗೆ ರಜೆ ಎಂದೇ ಗ್ರಂಥಾಲಯದಲ್ಲಿ ವಿಡಿಯೋ ಗೇಮ್ ಪಂದ್ಯ ಇಟ್ಟಿದ್ದೆ. ನನ್ನಂಥ ಶಾಲೆ ಬಿಟ್ಟವನನ್ನು ನಂಬಿ ಗ್ರಂಥಪಾಲಕ ಅಂದಾನಪ್ಪನವರು ತೀರ್ಪನ್ನೂ ನನಗೇ ಒಪ್ಪಿಸಿದ್ದರು. ಕರೆಂಟು ಹೋದರೆ ಆಟ ಮೊದಲಿನಿಂದ. ಆಟಗಾರನೇ ಕೆಡಿಸಿದರೆ ಸೋಲು. ನಿಯಮ ಬರೆದವನೂ ನಾನೇ.

ಫೈನಲ್‌ನಲ್ಲಿ ಮಲಕಪ್ಪ ಹಿಂದೆ ಬಿದ್ದಿದ್ದ. ಗುಂಡಿ ಒತ್ತಿದಾಗಲೆಲ್ಲ, ತಾನು ದಿನಾ ನೇಯುವ ಮಗ್ಗದ ಕುಣಿಯಲ್ಲಿ ಕೂತವನಂತೆ, ಅವನ ಕಾಲು ನೆಲ ತುಳಿಯುತ್ತಿತ್ತು. ಒಮ್ಮೆ ಅದು ಟೀವಿಯ ವೈರ್‌ಗೆ ಬಡಿದು ಪ್ಲಗ್ ಕಳಚಿತು. ಟೀವಿ ಆರಿತು.

"ಕರೆಂಟ್ ಹೋತು," ಎಂದರು ಎಲ್ಲರೂ. ಹಗಲು ಬೇರೆ, ಒಂದು ದೀಪವೂ ಹಚ್ಚಿರಲಿಲ್ಲ. ಕಾಲು ಬಡಿದದ್ದು ಕಂಡವನು ನಾನೊಬ್ಬನೇ. ಆಟ ಮೊದಲಿನಿಂದ ಶುರುವಾದರೆ ಗೆಳೆಯ ಬಚಾವಾಗುತ್ತಿದ್ದ.

"ಹೋಗಿಲ್ಲ. ಇವನ ಕಾಲು ಬಡೀತು," ಎಂದೆ.

ಮಲಕಪ್ಪ ವೈರು ನೋಡಿದ. "ಖರೆ ಐತಿ. ಕಾಲಿಗೆ ಇವತ್ತ ಸೂಟಿ ಅಂತ ಯಾರೂ ಹೇಳಿಲ್ಲಲೇ."

ಎಲ್ಲರೂ ನಕ್ಕರು. "ಸಾವಕಾಶ ನಗ್ರಿ, ಇದು ಗ್ರಂಥಾಲಯ," ಎನ್ನುತ್ತ ಅಂದಾನಪ್ಪನವರೂ ನಕ್ಕರು.

ಮನೆಗೆ ಬರುವಾಗ ಮಲಕಪ್ಪ, "ನೀ ಹೇಳದಿದ್ರ ನಾನಽ ಹೇಳಾವಿದ್ದೆ," ಎಂದ.

ಅದು ನಿಜವೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಕಣ್ಣು ಎಳೆಯುತ್ತಿದೆ, ಇನ್ನು…