ಕೋಟೆಗುಡ್ಡಕ್ಕೆ ಹೊತ್ತ ನೀರು

ಕಮಿಸಾಕಾ,
ಆಗಸ್ಟ್ ೩

ಪ್ರೀತಿಯ ಸವಾಕೊ,

ಹೇಗಿದ್ದೀಯೆ ಮಗಳೇ? ಹಿಂದಿನ ಕಾಗದ ಬರೆದು ತಿಂಗಳುಗಳೇ ಆದವು, ಬೇಜಾರು ಮಾಡಿಕೊಳ್ಳಬೇಡ. ಬೆರಳಿನ ಗಂಟುನೋವು ಎಂದು ನೆಪ ಹೇಳಬಹುದು. ನಿಜ ಹೇಳಬೇಕೆಂದರೆ ಬರೆಯಲು ಕೂತಾಗಲೆಲ್ಲ ಏನೋ ಒಂದು ಕೆಲಸವನ್ನು ಮೈಮೇಲೆ ಎಳೆದುಕೊಳ್ಳುತ್ತಿದ್ದೆ. ಬದನೆ ಈ ಸಲ ಚೆನ್ನಾಗಿ ಬಿಟ್ಟಿದೆ. ಗೆಣಸಿನ ಪಾತಿಯನ್ನು ಮಾತ್ರ ಕಾಡುಹಂದಿಗಳು ಅಗೆದು ಹಾಳು ಮಾಡಿದವು. ಸತ್ತವರು ಮನೆಗೆ ಬರುವ ಬೊನ್ ಹಬ್ಬ ಹತ್ತಿರ ಬಂತು. ಕಡ್ಡಿಯ ಕಾಲು ಚುಚ್ಚಿದ ಸೌತೆಕಾಯಿ ಕುದುರೆ ಏರಿ ನಿಮ್ಮಪ್ಪ ಹಿರಿಯರ ಜೊತೆ ಮನೆಗೆ ಬರುವ ಹೊತ್ತು. ಅವರು ಹೋದಂದಿನಿಂದ ನೀನು ಈ ಹೊಸಿಲು ತುಳಿದಿಲ್ಲ. ಈ ವರ್ಷವಾದರೂ ಬಾ. ಇಷ್ಟು ಬರೆಯುತ್ತಿರುವುದೇ ಅದಕ್ಕೆ.

ಸುದ್ದಿ ಏನೆಂದರೆ, ನಿನ್ನೆ ನಾನು ಕೋಟೆಗುಡ್ಡ ಹತ್ತಿದೆ. ನಗಬೇಡ. ನಿಮ್ಮಪ್ಪ ಇದ್ದಾಗ ವರ್ಷವರ್ಷವೂ ಅವರೇ ಹೋಗುತ್ತಿದ್ದರು. ಆಮೇಲೆ ನಮ್ಮ ಮನೆಯಿಂದ ಯಾರೂ ಹೋಗಿರಲಿಲ್ಲ. ಹಿಂದೆ ಕೋಟೆ ವೈರಿಗಳ ವಶವಾದ ದಿನದಂದು ಊರಿನ ಪ್ರತಿ ಮನೆಯವರೂ ಮೇಲಿನ ಕುದುರೆಬಂಡೆಗೆ ನೀರೆರೆದು ಬರುವಾಗ ನಮ್ಮದೊಂದೇ ಮನೆ ತಪ್ಪಿದರೆ ಜನ ಸುಮ್ಮನಿರುತ್ತಾರೆಯೇ?

ಗುಡ್ಡದ ಬುಡದಲ್ಲಿ ಇವಾಒ ಅಜ್ಜ ಆಗಲೇ ಇಳಿದು ಬಂದು ಬೆವರು ಒರೆಸಿಕೊಳ್ಳುತ್ತಿದ್ದ. ಪಕ್ಕದ ಮನೆಯವನಾದರೂ ಆ ದಿನ ನಮಗಿಂತ ಮುಂಚೆ ಹತ್ತುವವನು.

"ಏನಮ್ಮಾ ಫುಸಾಎ, ಕೆಟಲ್ಲು ಹೊತ್ಕೊಂಡು ಹೊರಟೆಯಲ್ಲ! ನಾನು ಈ ಸಲ ಬಾರ್ಲಿ ಚಹಾನೇ ಹುಯ್ದು ಬಂದೆ. ನಾನೂರು ವರ್ಷದಿಂದ ಬರೀ ನೀರು ಕುಡಿದು ಕೋಟೆಯವರಿಗೂ ಬಾಯಿ ಕೆಟ್ಟಿರುತ್ತೆ."

ಕರಡಿ ದೂರವಿರಲೆಂದು ಸೊಂಟಕ್ಕೆ ಕಟ್ಟಿಕೊಳ್ಳುವ ಗಂಟೆಯನ್ನು ನಾನು ಬಿಚ್ಚಿ ಅವನ ಕೈಗೆ ಕೊಟ್ಟೆ.

"ಗಂಟೆನೂ ಬೇಡವಾ? ಕರಡಿ ಎದುರಿಗೆ ಬಂದ್ರೆ ಏನ್ ಮಾಡ್ತೀ?"

"ಕರಡಿಗೂ ನಮ್ಮನೆ ಯಾವುದು ಅಂತ ಗೊತ್ತು ಬಿಡಜ್ಜ," ಎಂದೆ. ಅಲ್ಲಿಂದ ಮುಂದೆ ತುಟಿ ಬಿಚ್ಚಲಿಲ್ಲ.

ನಮ್ಮ ಮನೆಯ ಕಥೆ ನೀನು ಕೇಳಿಯೇ ಬೆಳೆದವಳು. ಮುತ್ತಿಗೆಯಲ್ಲಿ ನೀರು ಮುಗಿದಾಗ ಕೋಟೆಯವರು ಬಂಡೆಯ ಮೇಲೆ ಕುದುರೆ ನಿಲ್ಲಿಸಿ ಅದರ ಮೈಮೇಲೆ ಬಿಳಿ ಅಕ್ಕಿ ಸುರಿದರು. ಕುದುರೆ ತೊಳೆಯುವಷ್ಟು ನೀರಿದೆ ಎಂದು ಕೆಳಗಿದ್ದ ವೈರಿಗಳು ನಂಬಿದರು. ಅದು ನೀರಲ್ಲ, ಅಕ್ಕಿ ಎಂದು ಅವರಿಗೆ ಹೇಳಿದವಳು ನಮ್ಮ ಮನೆಯ ಮುದುಕಿ. ಅಂದಿನಿಂದ ನಾವು 'ಬಾಯಿಬಿಟ್ಟ ಮನೆ'ಯವರು. ಎಲ್ಲರೂ ಇಳಿದ ಮೇಲೆ, ಕೊನೆಗೆ, ಮಾತಿಲ್ಲದೆ ಹತ್ತಬೇಕು.

ಕೊನೆಯ ದಿನಗಳಲ್ಲಿ ನಿಮ್ಮಪ್ಪನಿಗೆ ನುಂಗಲು ಆಗುತ್ತಿರಲಿಲ್ಲ, ಒಂದು ಗುಟುಕು ಕೊಟ್ಟರೂ ಶ್ವಾಸಕ್ಕೆ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅವರು ನೀರು ನೀರು ಎಂದು ಕೇಳುತ್ತಿದ್ದರೂ ನೀನು ಹಲ್ಲು ಕಚ್ಚಿ ಕೂತೆ. ಸರಿಯಾಗಿಯೇ ಮಾಡಿದೆ. ಅವರು ತೀರಿಕೊಂಡ ಮೇಲೆ ಪದ್ಧತಿಯಂತೆ ನೀನು ಹತ್ತಿಯಿಂದ ಅವರ ತುಟಿ ಒದ್ದೆ ಮಾಡುವ ಹೊತ್ತಿಗೆ ನನ್ನ ಒಡಹುಟ್ಟಿದವಳು ಕಿನುಎ, ಅವಳ ನಾಲಿಗೆ ಬಿದ್ದುಹೋಗ, "ಬಾಯಿಬಿಟ್ಟ ಮನೆ ಹೆಣ್ಣಲ್ವಾ, ಹೆತ್ತಪ್ಪನಿಗೂ ತೊಟ್ಟು ನೀರು ಬಿಡಲಿಲ್ಲ" ಎಂದಳಂತೆ. ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಒದ್ದೆ ಹತ್ತಿ ನೆಲದ ಮೇಲಿತ್ತು, ಬಾಗಿಲಲ್ಲಿ ನಿನ್ನ ಚಪ್ಪಲಿ ಇರಲಿಲ್ಲ. ಅವಳನ್ನು ಅವತ್ತೇ ಮನೆಯಿಂದ ಆಚೆ ಹಾಕಿದೆ. ಅದನ್ನು ನೋಡಲು ನೀನು ಇರಬೇಕಿತ್ತು.

ಮೇಲೆ ಏನೂ ಉಳಿದಿಲ್ಲ ಸವಾ. ಪಾಚಿ ಹಿಡಿದ ಕಲ್ಲುಗೋಡೆ, ಅದರ ಹೊಟ್ಟೆ ಸೀಳಿ ಬೆಳೆದ ದೇವದಾರು, ಬಾಗಿಲಿದ್ದ ಕಡೆ ಹಂದಿ ಹೊರಳಿದ ಗುಂಡಿ. ಕುದುರೆಬಂಡೆಯ ಪಕ್ಕ ಮಣ್ಣು ಕೆದಕಿದರೆ ಕೋಟೆಯ ಬೆಂಕಿಯಲ್ಲಿ ಸುಟ್ಟು ಕರ್ರಗಾದ ಅಕ್ಕಿಕಾಳು ಇನ್ನೂ ಸಿಗುತ್ತದೆ. ಜೀರುಂಡೆಗಳು ಕಿವಿ ತೂತಾಗುವಂತೆ ಕೂಗುತ್ತಿದ್ದವು. ನಾನು ಬಂಡೆಯ ಮುಂದೆ ನಿಂತದ್ದೇ ತಡ, ಎಲ್ಲ ಒಟ್ಟಿಗೆ ಸುಮ್ಮನಾದವು.

ಕೆಟಲ್ ಹಗುರವಾಗಿತ್ತು. ಕಂಠದವರೆಗೆ ತುಂಬಿ ಬಾಯಿಗೆ ಬಟ್ಟೆ ಕಟ್ಟಿದ್ದೆ. ಬಟ್ಟೆ ಒಣಗಿಯೇ ಇತ್ತು. ಬಗ್ಗಿಸಿದರೆ ಅರ್ಧವೂ ಇಲ್ಲ. ಭಯವಾಯಿತು, ಸುಳ್ಳೇಕೆ ಹೇಳಲಿ. ಉಳಿದದ್ದನ್ನು ಎರೆದೆ. ಕಲ್ಲಿನ ಮೇಲೆ ಅದು ಹರಿಯಲೇ ಇಲ್ಲ, ಬಿದ್ದಲ್ಲೇ ಇಂಗಿತು. ಬೆನ್ನ ಹಿಂದೆ ಯಾರೋ ಗುಟುಕರಿಸಿದ ಸದ್ದು ಕೇಳಿಸಿತು.

ನನ್ನ ಅತ್ತೆ, ಅಂದರೆ ನಿನ್ನ ಅಜ್ಜಿ, ಹೇಳಿದ್ದ ಮಾತು ಆಗ ನೆನಪಾಯಿತು. ಈ ಮನೆಯಲ್ಲಿ ಹೆಂಗಸರು ಹೆಂಗಸರಿಗೆ ಮಾತ್ರ ಹೇಳುವ ಮಾತದು. "ಆ ಮುದುಕಿ ದುಡ್ಡಿಗೆ ಬಾಯಿ ಬಿಡಲಿಲ್ಲ ಕಣೇ. ಅವಳ ಮಗಳು ಕೋಟೆ ಒಳಗೆ ನೀರಿಲ್ದೆ ಒದ್ದಾಡ್ತಿದ್ಲು. ಕೋಟೆ ಬೇಗ ಬಿದ್ರೆ ಮಗಳು ಆಚೆ ಬರ್ತಾಳೆ ಅಂದ್ಕೊಂಡ್ಲು. ಬಿದ್ದ ಮೇಲೆ ನೀರು ಹೊತ್ಕೊಂಡು ಹತ್ತಿದ್ಲು. ಎಲ್ಲರೂ ಇಳಿದ್ರೂ ಇವಳು ಇಳೀಲಿಲ್ಲ, ಹುಡುಕ್ತಾನೇ ಇದ್ಲು. ನಾವು ಮಾತಾಡದೇ ಇರೋದು ಶಿಕ್ಷೆಗಲ್ಲ. ಮಾತಾಡಿದ್ರೆ, ಮಗಳು ಓಗೊಟ್ಟರೂ ಕೇಳಿಸಲ್ವಲ್ಲ."

ಈ ಮಾತನ್ನು ಕಾಗದದಲ್ಲಿ ಬರೆಯುವುದಿಲ್ಲ, ನಿನ್ನನ್ನು ಬಂಡೆಯ ಹತ್ತಿರ ಕೂರಿಸಿಕೊಂಡು ಹೇಳುತ್ತೇನೆ ಎಂದುಕೊಂಡಿದ್ದೆ. ಈಗ ಬರೆದೇಬಿಟ್ಟೆ. ಮುಂದಿನ ವರ್ಷ ಆ ಗುಡ್ಡಕ್ಕೆ ಇಬ್ಬರೂ ಹೋಗೋಣ. ನನ್ನ ಮಂಡಿ ಇನ್ನೊಂದು ಸಲ ತಡೆಯುತ್ತದೆ.

ಊಟ ಬಿಡಬೇಡ. ಸೆಕೆಯೆಂದು ಬರೀ ತಣ್ಣನೆಯ ಶಾವಿಗೆ ತಿಂದು ಮಲಗಬೇಡ. ಎಲ್ಲಿದ್ದರೂ ತಣ್ಣಗಿರು ಮಗಳೇ.

ನಿನ್ನ ಅಮ್ಮ,
ಫುಸಾಎ

ಮರೆತಿದ್ದೆ: ಹಿಂದಿನ ಕಾಗದಗಳೆಲ್ಲ ವಾಪಸು ಬಂದಿವೆ, ಆ ವಿಳಾಸದಲ್ಲಿ ನೀನಿಲ್ಲವಂತೆ. ನಿನ್ನ ಫೋನೂ ಸತ್ತಿದೆ. ಇದನ್ನು ನೀನು ಮೊದಲು ಕೆಲಸ ಮಾಡುತ್ತಿದ್ದ ಒಸಾಕಾದ ಬೇಕರಿಗೆ ಹಾಕುತ್ತಿದ್ದೇನೆ, ಯಾರಾದರೂ ತಲುಪಿಸಿಯಾರು. ಗುಡ್ಡದ ಮೇಲೆ ಗುಟುಕಿನ ಸದ್ದಾದ ಮೇಲೆ ಯಾರೋ "ಅಮ್ಮಾ" ಎಂದರು. ಅಪ್ಪನ ದನಿಯಲ್ಲ ಅದು, ಹೆಣ್ಣುದನಿ. ನಾನು ಉಸಿರು ಬಿಗಿಹಿಡಿದು ನಿಂತೆ, ಮತ್ತೆ ಕೇಳಿಸಲಿಲ್ಲ. ಇವಾಒ ಅಜ್ಜ ಹಬ್ಬದ ಕುದುರೆಗೆಂದು ಎರಡು ಸೌತೆಕಾಯಿ ಕೊಟ್ಟು ಹೋಗಿದ್ದಾನೆ. ಒಂದಕ್ಕೆ ಅಪ್ಪನಿಗೆಂದು ಕಡ್ಡಿಯ ಕಾಲು ಚುಚ್ಚಿದ್ದೇನೆ. ಇನ್ನೊಂದಕ್ಕೆ ನಾನು ಚುಚ್ಚುವುದಿಲ್ಲ. ಅದನ್ನು ಬಾವಿಯ ನೀರಿನಲ್ಲಿ ತಣ್ಣಗೆ ಇಟ್ಟಿದ್ದೇನೆ, ಉಪ್ಪು ಹಚ್ಚಿಕೊಂಡು ತಿನ್ನಲು ನೀನೇ ಬಾ.